ಉಡದಾರದಿಂದ ಇಳಿದ ಕೀಲಿಕೈ

ಮೊದಲು ಸಂತೋಷದ ಸುದ್ದಿ, ಉಳಿದದ್ದೆಲ್ಲ ಆಮೇಲೆ. ನಮ್ಮ ಮೊಮ್ಮಗಳ ಕೈಗೆ ಶಾಲೆಯ ಕಂಪ್ಯೂಟರ್ ಕೋಣೆಯ ಕೀಲಿಕೈ ಬಂತು! ಕದ್ದು ತಂದದ್ದಲ್ಲ, ಕಾಲು ಹಿಡಿದು ಬೇಡಿದ್ದೂ ಅಲ್ಲ. ನಿನ್ನೆ ಸಂಜೆ ದೀಪ ಹಚ್ಚುವ ಹೊತ್ತಿಗೆ, ಕಲ್ಮೇಶ್ವರನ ಗುಡಿಯ ಪೌಳಿಯಲ್ಲಿ, ಊರ ಮಂದಿಯ ಎದುರಿಗೆ, ಅಧ್ಯಕ್ಷರ ಸೊಂಟದಿಂದ ಇಳಿದು ನೇರ ಅವಳ ಅಂಗೈಗೆ ಬಂತು.

ಒಬ್ಬರ ಮನೆಗೆ ಮೊಮ್ಮಗ ಹುಟ್ಟಿದ ಸುದ್ದಿ ಬರುತ್ತದೆ, ಇನ್ನೊಬ್ಬರ ಮನೆಗೆ ನೌಕರಿಯ ಸುದ್ದಿ ಬರುತ್ತದೆ. ನಮ್ಮ ಮನೆಗೆ ಬಂದದ್ದು ಕಿರುಬೆರಳಿನಷ್ಟು ಉದ್ದದ ಹಿತ್ತಾಳೆಯ ಕೀಲಿಕೈ. ನಗುವವರು ನಗಲಿ. ಇವತ್ತು ಬೆಳಿಗ್ಗೆ ಎದ್ದವಳೇ ಗಿರಣಿಗೆ ಹೋಗಿ ಹೇಳಿದೆ. ಬೀಸಿಸುವುದು ಏನೂ ಇರಲಿಲ್ಲ, ಖಾಲಿ ಡಬ್ಬಿ ಹಿಡಿದುಕೊಂಡೇ ಹೋಗಿದ್ದೆ. ಗಿರಣಿಯ ಗದ್ದಲದಲ್ಲಿ ಯಾರಿಗೂ ಕೇಳಲಿಲ್ಲವೆಂದು ಇನ್ನೊಮ್ಮೆ ಕೂಗಿದೆ. ಅಷ್ಟರಲ್ಲಿ ಗಿರಣಿ ನಿಂತುಬಿಟ್ಟಿತ್ತು, ಬಸ್ಸಿಗೆ ಕಾಯುತ್ತಿದ್ದವರಿಗೂ ಕೇಳಿಸಿತು. ಒಳ್ಳೆಯದೇ ಆಯಿತು, ಅಲ್ಲಿಗೆ ಹೋಗುವ ಕೆಲಸ ಉಳಿಯಿತು.

ನಾನು ಓದಿದ್ದು ಮೂರನೆಯ ಇಯತ್ತೆಯವರೆಗೆ. ಒತ್ತಕ್ಷರ ಬಂದ ಕಡೆ ನನ್ನ ಪೆನ್ನು, ಎತ್ತು ಗೂಟಕ್ಕೆ ಬಂದು ನಿಂತ ಹಾಗೆ ನಿಲ್ಲುತ್ತದೆ. ಆದರೂ ಇದನ್ನು ನಾನೇ ಬರೆಯಬೇಕು. ಬೇರೆಯವರಿಗೆ ಬಿಟ್ಟರೆ ಇನ್ನು ನಾಲ್ಕು ದಿನದಲ್ಲಿ ಅಧ್ಯಕ್ಷರೇ ನಮ್ಮ ಹುಡುಗಿಗೆ ಕಂಪ್ಯೂಟರ್ ಕಲಿಸಿದರು ಎಂದು ಆಗಿರುತ್ತದೆ. ತಿರ್ಲಾಪುರದ ಆಚೆಗಿನ ನಮ್ಮ ಕರಿ ಮಣ್ಣಿನ ಊರಿನಲ್ಲಿ ಕಥೆಗಳು ಬೆಳೆಯುವುದೂ ಹತ್ತಿಯ ನಡುವೆ ಕಸ ಬೆಳೆದ ಹಾಗೆಯೇ. ಒಂದು ಹದ ಮಳೆ ಸಾಕು.

ನಮ್ಮ ಶಾಲೆಗೆ ಕಂಪ್ಯೂಟರ್ ಬಂದ ದಿನ ಊರೆಲ್ಲ ಸೇರಿತ್ತು. ಅರಿಷಿಣ ಕುಂಕುಮ ಹಚ್ಚಿದೆವು, ಕಾಯಿ ಒಡೆದೆವು, ಒಂದೊಂದಕ್ಕೂ ಚೆಂಡು ಹೂವಿನ ಮಾಲೆ ಹಾಕಿದೆವು. ಕಂಪ್ಯೂಟರಿಗೆ ಕೊರಳು ಇರುವುದಿಲ್ಲವೆಂದು ಮಾಲೆ ಜಾರಿ ಬಿದ್ದಾಗ ತಿಳಿಯಿತು. ಪೂಜೆ ಮುಗಿದ ಕೂಡಲೇ ಅಧ್ಯಕ್ಷರು ಬಾಗಿಲು ಎಳೆದು ಕೀಲಿ ಹಾಕಿದರು.

"ಹುಡುಗೂರು ಮುಟ್ಟಿ ಕೆಡಸ್ತಾವ್ರಿ," ಎಂದರು.

ಶಾಲೆಯ ಅಕ್ಕೋರು, ಗಣಿತ ಕಲಿಸುವವರು, ಮೆಲ್ಲಗೆ ಕೇಳಿದರು: "ಮುಟ್ಟಲಿಲ್ಲಂದ್ರ ಕಲಿಯೂದು ಹೆಂಗ್ರಿ?"

"ಕಲೀಲಿ, ಯಾರ ಬ್ಯಾಡಂದಾರ? ಕಲ್ತ ಮ್ಯಾಲ ಮುಟ್ಟಲಿ."

ಈ ಅಧ್ಯಕ್ಷರೆಂದರೆ ಶಾಲೆಯ ಸಮಿತಿಗೂ ಅವರೇ, ಗುಡಿಯ ಸಮಿತಿಗೂ ಅವರೇ. ಮನುಷ್ಯ ಒಬ್ಬ, ಖುರ್ಚಿ ಎರಡು. ಕೆಟ್ಟವರೆಂದು ನಾನು ಹೇಳುವುದಿಲ್ಲ. ಅವರಿಗೆ ಕಾಳಜಿ ಒಂದು ತೂಕ ಹೆಚ್ಚು, ಅಷ್ಟೇ. ಅವರ ಮನೆಯ ಸೋಫಾದ ಮೇಲಿನ ಪ್ಲಾಸ್ಟಿಕ್ ಇವತ್ತಿಗೂ ತೆಗೆದಿಲ್ಲ. ಬೀಗರು ಕೂತರೆ ಚರ್ ಎನ್ನುತ್ತದೆ, ಎದ್ದರೆ ಧೋತರ ಹಿಡಿದು ಜಗ್ಗುತ್ತದೆ. ಅಂಥವರು ಕೀಲಿಕೈಯನ್ನು ಗೋಡೆಯ ಮೊಳೆಗೆ ಬಿಟ್ಟಾರೆಯೇ? ಸೊಂಟದ ಉಡದಾರಕ್ಕೆ ಕಟ್ಟಿಕೊಂಡರು.

ಹೀಗಾಗಿ ಕೋಣೆ ತೆರೆಯಲು ಕೀಲಿಕೈ ಒಂದೇ ಬಂದರೆ ಸಾಲದಾಯಿತು, ಅಧ್ಯಕ್ಷರು ಪೂರ್ತಿ ಬರಬೇಕಾಯಿತು. ಬಂದು, ಧೋತರದ ಗಂಟು ಸಡಿಲಿಸಿ, ಸೊಂಟವನ್ನು ಕೀಲಿಯ ಮಟ್ಟಕ್ಕೆ ಇಳಿಸಿ, ಬಾಗಿಲನ್ನು ಅಪ್ಪಿಕೊಂಡ ಹಾಗೆ ನಿಂತು ತಿರುವಬೇಕು. ಆ ಹೊತ್ತಿಗೆ ಅಕ್ಕೋರು ಹೆಣ್ಣುಮಕ್ಕಳನ್ನೆಲ್ಲ ಧ್ವಜದ ಕಂಬದ ಕಡೆಗೆ ಮುಖ ಮಾಡಿಸಿ ನಿಲ್ಲಿಸುತ್ತಿದ್ದರು. ಕಂಪ್ಯೂಟರ್ ಕಲಿಯುವುದರ ಮೊದಲ ಪಾಠ ನಮ್ಮೂರಲ್ಲಿ ಅದೇ, ತಿರುಗಿ ನಿಲ್ಲುವುದು. ಅಧ್ಯಕ್ಷರು ಹೊಲಕ್ಕೆ ಹೋದರೆ ಕೋಣೆಯೂ ಹೊಲಕ್ಕೆ ಹೋದ ಹಾಗೆ. ಅವರು ಹುಬ್ಬಳ್ಳಿಗೆ ಲಗ್ನಕ್ಕೆ ಹೋದರೆ ಇಲ್ಲಿ ಒಂಬತ್ತನೆಯ ಇಯತ್ತೆ ಪೂರ್ತಿ ಖಾಲಿ ಕೂತಿರುತ್ತಿತ್ತು.

ಆ ಒಂಬತ್ತನೆಯ ಇಯತ್ತೆಯಲ್ಲಿ ನಮ್ಮ ಮೊಮ್ಮಗಳು ಇದ್ದಾಳೆ. ಅವಳಿಗೆ ಆ ಕೋಣೆಯ ಮೇಲೆ ಎಂಥ ಆಸೆಯೆಂದರೆ, ಬೆಳಿಗ್ಗೆ ಹಾಲು ಕೊಡುವ ನೆಪದಲ್ಲಿ ಅಧ್ಯಕ್ಷರ ಮನೆಯ ಮುಂದೆ ಹಾದು, ಅವರು ಊರಲ್ಲಿದ್ದಾರೋ ಇಲ್ಲವೋ ನೋಡಿಕೊಂಡು ಬರುತ್ತಿದ್ದಳು. ಅಂಗಳದಲ್ಲಿ ಚಪ್ಪಲಿ ಕಂಡರೆ ಆ ದಿನ ಅವಳ ನಡಿಗೆಯೇ ಬೇರೆ.

ಬೇರೆ ಹುಡುಗರು ಕಂಪ್ಯೂಟರಿನಲ್ಲಿ ಗಿಡ, ಮನೆ, ಬಾವುಟ ಬರೆಯುತ್ತಿದ್ದರಂತೆ. ಇವಳು ಹಿಡಿದದ್ದು ಸದ್ದನ್ನು. ಅಕ್ಕೋರು ಏನೋ ತೋರಿಸಿದರು, ಇವಳು ಅದಕ್ಕೆ ಅಂಟಿಕೊಂಡಳು. ಮನೆಯಲ್ಲಿ ಯಾವ ಸದ್ದು ಬಂದರೂ ಮೊಬೈಲ್ ಹಿಡಿದು ತುಂಬಿಕೊಳ್ಳುವಳು. ಅವಳ ತಾಯಿ, ಅಂದರೆ ನಮ್ಮ ಸೊಸೆ, ರೊಟ್ಟಿ ಬಡಿಯುವ ಸದ್ದು, ತಾಮ್ರದ ಕೊಡದ ಸದ್ದು, ನನ್ನ ಸೀನು, ಯಾವುದನ್ನೂ ಬಿಡಲಿಲ್ಲ. ಶಾಲೆಗೆ ಒಯ್ದು, ಕತ್ತರಿಸಿ, ಸಾಲು ಸಾಲಾಗಿ ಅಪ್ಪಣೆ ಬರೆದು, ಅದರಿಂದ ಹಾಡು ಮಾಡಿಕೊಂಡು ಬರುವಳು.

ಒಂದು ದಿನ ನನ್ನನ್ನು ಕೂಡಿಸಿಕೊಂಡು ತಿಳಿಸಿ ಹೇಳಿದಳು. "ಆಯಿ, ಕಂಪ್ಯೂಟರಿಗೆ ಹಾಡು ಗೊತ್ತಿಲ್ಲ. ನಾವು ಬರದಷ್ಟ ಮಾಡ್ತೈತಿ. ಬಾರಸು ಅಂದ್ರ ಬಾರಸ್ತೈತಿ, ತಡಿ ಅಂದ್ರ ತಡೀತೈತಿ. ಮತ್ತ ಮಾಡು, ಮತ್ತ ಮಾಡು ಅಂದ್ರ ಬ್ಯಾಸರ ಇಲ್ದ ಮಾಡ್ತೈತಿ."

"ಒಟ್ಟ ಎದರ ಮಾತಾಡಂಗಿಲ್ಲ?"

"ಇಲ್ಲ. ಸಾಕು ಅನ್ನೂಮಟಾ ಮಾಡ್ತೈತಿ."

"ಹಂಗಾರ ನಿಮ್ಮಜ್ಜಂಗಿಂತ ಪಾಡ ಐತಿ ಬಿಡು," ಎಂದೆ. ಬಾಜೂ ಕೋಣೆಯಿಂದ ನಮ್ಮ ಮನೆಯವರ ಕೆಮ್ಮು ಕೇಳಿಸಿತು.

ಸದ್ದನ್ನು ಎಳೆದರೆ ದಪ್ಪಗಾಗುತ್ತದೆ, ಒತ್ತಿದರೆ ತೆಳ್ಳಗಾಗುತ್ತದೆ ಎಂದೂ ಹೇಳಿದಳು. ನಾನು ಜೀವಮಾನವೆಲ್ಲ ಶ್ಯಾವಿಗೆ ಹೊಸೆದವಳು, ಎಳೆದರೆ ತೆಳ್ಳಗಾಗುವುದನ್ನೇ ಕಂಡವಳು. ಈ ಒಂದು ಮಾತು ಮಾತ್ರ ನನಗೆ ಇವತ್ತಿಗೂ ಒಗ್ಗಿಲ್ಲ.

ಅದನ್ನು ನಂಬಿಸಲಿಕ್ಕೆ ಅವಳು ನಮ್ಮ ಎಮ್ಮೆಯ ಕೂಗನ್ನು ತೆಗೆದುಕೊಂಡಳು. ಒಂದೇ ಕೂಗು. ಅದನ್ನು ಎಳೆದೂ ಒತ್ತಿಯೂ ಏಳು ಎತ್ತರಕ್ಕೆ ಏರಿಸಿದಳು. ಸಂಜೆ ಹಾಲು ಕರೆಯುವ ಹೊತ್ತಿಗೆ ಮೊಬೈಲಿನೊಳಗಿಂದ ನಮ್ಮ ಎಮ್ಮೆ ಸರಿಗಮ ಹಾಡಿತು. ಕೊಟ್ಟಿಗೆಯ ಎಮ್ಮೆ ಕಿವಿ ನಿಮಿರಿಸಿತು. ಮೇಲಿನ ಸ್ವರಕ್ಕೆ ಬರುವಷ್ಟರಲ್ಲಿ ಹಗ್ಗ ಜಗ್ಗಿ, ತಾನೂ ಒಂದು ದನಿ ಕೂಡಿಸಿ, ಚರಿಗೆಯನ್ನು ಒದ್ದುಬಿಟ್ಟಿತು. ಕರೆಯುತ್ತಿದ್ದ ನಮ್ಮ ಮನೆಯವರು ಹಾಲಿನಲ್ಲಿ ಮಿಂದು ಎದ್ದರು.

"ಎಮ್ಮಿಗೆ ಸಂಗೀತ ಕಲಸಾಕ ಸರಕಾರ ಕಂಪ್ಯೂಟರ್ ಕೊಟ್ಟೈತೇನಬೇ?" ಎಂದು ಗದರಿದರು. ಮರುದಿನ ನೋಡಿದರೆ ಅದೇ ಮೊಬೈಲ್ ಹಿಡಿದುಕೊಂಡು ಕಟ್ಟೆಯ ಮೇಲೆ ಗೆಳೆಯರಿಗೆಲ್ಲ ಕೇಳಿಸುತ್ತಿದ್ದರು. "ನಮ್ಮ ಮನೀದು," ಎನ್ನುತ್ತಿದ್ದರು. ಎಮ್ಮೆಯನ್ನೋ ಮೊಮ್ಮಗಳನ್ನೋ, ಬಿಡಿಸಿ ಹೇಳಲಿಲ್ಲ.

ಇನ್ನು ಗುಡಿಯ ವಿಷಯಕ್ಕೆ ಬರುತ್ತೇನೆ. ಸಂಜೆಯ ಮಂಗಳಾರತಿಗೆ ಮೊದಲೆಲ್ಲ ಊರವರೇ ನಗಾರಿ ಬಾರಿಸುತ್ತಿದ್ದರು. ಬರುಬರುತ್ತಾ ಬಾರಿಸುವವರೇ ಸಿಗದಂತಾದರು. ಊರವರಿಗೆ ಕೈ ಇಲ್ಲವೆಂದಲ್ಲ. ಆ ಹೊತ್ತಿಗೆ ಕೈಯಲ್ಲಿ ಬೇರೇನೋ ಇರುತ್ತದೆ, ಹೆಬ್ಬೆರಳಿನಿಂದ ಮೇಲಕ್ಕೆ ಸರಿಸುತ್ತ ಇರುತ್ತಾರೆ. ಆದ್ದರಿಂದ ಸಮಿತಿಯವರು ಕರೆಂಟಿನ ಮಷಿನ್ ತಂದರು. ಒಂದು ಕಬ್ಬಿಣದ ಚೌಕಟ್ಟು, ಅದರಲ್ಲಿ ನಗಾರಿ, ಜಾಗಟೆ, ಗಂಟೆ. ಗುಂಡಿ ಒತ್ತಿದರೆ ಮೋಟಾರು ತಿರುಗಿ ಕೋಲುಗಳು ತಾವೇ ಬಡಿಯುತ್ತವೆ. ಭಕ್ತಿ ನಮ್ಮದು, ದುಡಿಮೆ ಅದರದು.

ಎಷ್ಟೋ ವರ್ಷಗಳ ಹಿಂದೆ ನಗಾರಿಯ ಒಂದು ಕೋಲಿನ ಚರ್ಮದ ಪಟ್ಟಿಯನ್ನು ಇಲಿ ಕಡಿಯಿತು. ಪೂಜೆಯ ಅಯ್ಯನವರು ಅಲ್ಲೇ ಸಿಕ್ಕ ಸೈಕಲ್ ಟ್ಯೂಬಿನ ತುಂಡಿನಿಂದ ಬಿಗಿದು ಕಟ್ಟಿದರು. ಅಂದಿನಿಂದ ಮೂರನೆಯ ಪೆಟ್ಟು ಸ್ವಲ್ಪ ತಡವಾಗಿ, ಸ್ವಲ್ಪ ಮಂದವಾಗಿ ಬೀಳತೊಡಗಿತು. ಧಮ್, ಧಮ್, ಆಮೇಲೆ ಯೋಚನೆ ಮಾಡಿದ ಹಾಗೆ ಒಂದು ಧಪ್, ಮತ್ತೆ ಧಮ್. ಮೊದಮೊದಲು ನಗೆ ಬಂದಿರಬೇಕು. ಆಮೇಲೆ ಅದೇ ರೂಢಿಯಾಯಿತು. ಆ ತಡದಲ್ಲಿ ನಾವು ಆರತಿ ಹಾಡುವ ಹೆಂಗಸರು ಉಸಿರು ತೆಗೆದುಕೊಳ್ಳುತ್ತಿದ್ದೆವು. ಅಯ್ಯನವರು ಆರತಿ ತಟ್ಟೆಯನ್ನು ಕೆಳಗಿಂದ ಮೇಲಕ್ಕೆ ತಿರುವುತ್ತಿದ್ದರು. ಭಜನೆಯ ಗಂಡಸರ ಚಪ್ಪಾಳೆಯೂ ಅಲ್ಲಿ ಒಂದು ಗಳಿಗೆ ಗಾಳಿಯಲ್ಲಿ ನಿಲ್ಲುತ್ತಿತ್ತು. ಊರಿಗೆ ಊರೇ ಕುಂಟುವುದನ್ನು ಕಲಿತಿತ್ತು, ಕುಂಟುತ್ತಿದ್ದೇವೆಂದು ಒಬ್ಬರಿಗೂ ಗೊತ್ತಿರಲಿಲ್ಲ.

ಈ ಸಲ ಶ್ರಾವಣ ಬರುವ ಮುಂಚೆ ಅಧ್ಯಕ್ಷರಿಗೆ ಕಾಳಜಿ ಉಕ್ಕಿತು. ಅಣ್ಣಿಗೇರಿಯಿಂದ ಮೆಕ್ಯಾನಿಕ್ ಕರೆಸಿದರು. ಅವನು ಸೈಕಲ್ ಟ್ಯೂಬ್ ಕಿತ್ತೆಸೆದು ಹೊಸ ಪಟ್ಟಿ ಹಾಕಿ, ಎಣ್ಣೆ ಬಿಟ್ಟು, "ಅಗದಿ ಹೊಸಾದಂಗ ಆತ್ರಿ," ಎಂದು ಹೇಳಿ ಹೋದ.

ಹೊಸದು ಕೆಡಬಾರದೆಂದು ಅಲ್ಲಿಯವರೆಗೆ ಮುಚ್ಚಿಟ್ಟು, ಶ್ರಾವಣದ ಮೊದಲ ಸೋಮವಾರ ಗುಂಡಿ ಒತ್ತಿದರು. ಧಮ್ ಧಮ್ ಧಮ್ ಧಮ್! ಪೊಲೀಸರು ಕವಾಯತು ಮಾಡಿದ ಹಾಗೆ. ನಾವು ಹಾಡು ಎತ್ತಿದೆವು. ಮೂರನೆಯ ಪೆಟ್ಟಿಗೆ ಉಸಿರು ತೆಗೆದುಕೊಳ್ಳಲು ಹೋದರೆ ಅಲ್ಲಿ ಜಾಗವೇ ಇಲ್ಲ. ಅರ್ಧ ಮಂದಿ ಮುಂದೆ ಹೋದೆವು, ಅರ್ಧ ಮಂದಿ ಹಿಂದೆ ಉಳಿದೆವು, ನನ್ನ ಬಾಯಲ್ಲಿ ಹೋದ ವಾರದ ಸಾಲು ಬಂತು. ಭಜನೆಯವರ ಚಪ್ಪಾಳೆ ಹುರಿಗಡಲೆ ಸಿಡಿದ ಹಾಗೆ ಒಂದೊಂದು ಕಡೆ ಒಂದೊಂದಾಯಿತು. ಅಯ್ಯನವರ ಎಡಗೈ ಗಂಟೆ ಒಂದು ಕಡೆ, ಬಲಗೈ ಆರತಿ ಇನ್ನೊಂದು ಕಡೆ. ತಟ್ಟೆ ಗಂಟೆಗೆ ಬಡಿದು ದೀಪ ಆರಿತು.

ಶ್ರಾವಣ ಸೋಮವಾರ ಆರತಿ ಆರಿದರೆ ಊರು ಸುಮ್ಮನಿರುತ್ತದೆಯೇ? ತಪ್ಪು ಯಾರದೆಂದು ಹುಡುಕುವ ಕೆಲಸ ಅಲ್ಲಿಯೇ ಶುರುವಾಯಿತು. ಮಷಿನಿನ ಮೇಲೆ ಯಾರಿಗೂ ಸಂಶಯ ಬರಲಿಲ್ಲ. ಊರಲ್ಲಿ ರಿಪೇರಿಯಾದದ್ದು ಅದೊಂದೇ! ಮೊದಲು ಹಿಡಿದದ್ದು ನಮ್ಮನ್ನು.

"ಆಯಿಗೋಳ ಹಲ್ಲ ಬಿದ್ದಾವ್ರಿ, ಅದಕ ತಾಳ ತಪ್ಪಾಕತ್ತೈತಿ," ಎಂದ ಭಜನೆಯ ಹಿರಿಯ.

"ನಾ ಹಲ್ಲೀಲೆ ಹಾಡಂಗಿಲ್ಲೋ ಮಾರಾಯಾ," ಎಂದೆ. "ನಿನ್ನ ಚಪ್ಪಾಳಿ ತಪ್ಪಿತಲ್ಲ, ನಿನ್ನ ಕೈಯಾಗಿನ ಹಲ್ಲ ಬಿದ್ದಾವೇನು?"

ಮುಂದಿನ ದಿನಗಳಲ್ಲೂ ಹಾಗೇ ಆಯಿತು. ಅಯ್ಯನವರು ಗಂಟೆ ಬಿಟ್ಟು ಆರತಿಯೊಂದನ್ನೇ ಹಿಡಿದರೂ ತಟ್ಟೆ ತಾಳ ತಪ್ಪಿತು. ಆಗ ಯಾರಿಗೋ ನಮ್ಮ ಎಮ್ಮೆಯ ನೆನಪಾಯಿತು. ಎಮ್ಮೆಯ ಬಾಯಲ್ಲಿ ಸರಿಗಮ ಹಾಡಿಸಿದ ಮೇಲೆ ದೇವರು ಇನ್ನೇನು ಮಾಡಿಯಾನು ಎಂದರು. ಕಟ್ಟೆಯ ಮೇಲೆ ಕೇಳಿ ಹೊಟ್ಟೆ ಹಿಡಿದು ನಕ್ಕವರೇ ಹೀಗೆ ಹೇಳಿದರು. ಕಂಪ್ಯೂಟರ್ ಬಂದಾಗಿನಿಂದಲೇ ಊರಿನ ತಾಳ ಕೆಟ್ಟಿದೆ ಎಂದು ಮಾತು ಬೆಳೆಯಿತು.

ಅಧ್ಯಕ್ಷರು ತಮ್ಮ ಎರಡೂ ಖುರ್ಚಿಗಳಲ್ಲಿ ಕೂತು ಯೋಚಿಸಿ ತೀರ್ಮಾನ ಹೇಳಿದರು: ಕೋಣೆ ಖಾಲಿ ಮಾಡುವುದು, ಅಲ್ಲಿ ಗುಡಿಯ ದಾಸೋಹದ ಪಾತ್ರೆ ಇಡುವುದು, ಕಂಪ್ಯೂಟರುಗಳನ್ನು ಗೋಣಿಚೀಲದಲ್ಲಿ ಸುತ್ತಿ ತಮ್ಮ ಮನೆಯ ಅಟ್ಟಕ್ಕೆ ಏರಿಸುವುದು. "ಅಲ್ಲೆ ಭದ್ರ ಇರ್ತಾವು," ಎಂದರು. ಎರಡನೆಯ ಸೋಮವಾರದ ಪೂಜೆ ಮುಗಿದ ಮರುದಿನವೇ ಎಂದು ನಿಶ್ಚಯವಾಯಿತು.

ಮೊಮ್ಮಗಳು ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ರೊಟ್ಟಿ ಮುರಿದು ತಟ್ಟೆಯ ಅಂಚಿಗೆ ಸರಿಸಿದಳು. "ಆಯಿ, ನಾ ನಮ್ಮೂರ ಸದ್ದೆಲ್ಲಾ ಕೂಡಿಸಿ ಒಂದು ಹಾಡ ಮಾಡಾಕತ್ತಿದ್ದೆ. ಅರ್ಧಾ ಆಗೇತಿ. ಅದು ಅಟ್ಟದ ಮ್ಯಾಲ ಹೋಗ್ತೈತಿ," ಎಂದಳು. ನಮ್ಮ ಮನೆಯಲ್ಲಿ ಕಂಪ್ಯೂಟರ್ ಇಲ್ಲ, ತರುವ ಮಾತೂ ಇಲ್ಲ. ಆ ಬಾಗಿಲು ಮುಚ್ಚಿದರೆ ಅವಳ ಪಾಲಿಗೆ ಎಲ್ಲ ಅಲ್ಲಿಗೆ ಮುಗಿಯಿತು. ಅವಳ ಅಪ್ಪ ಎಂದಿನಂತೆ, "ಹೋಗ್ಲಿ ಬಿಡು," ಎಂದ. ಹೋಗಲಿ ಬಿಡು ಎನ್ನುವುದರಲ್ಲಿ ನನ್ನ ಮಗನಿಗೆ ಸರಿಸಾಟಿಯಿಲ್ಲ.

ಸೋಮವಾರದ ಮುಂಚೆ ಒಂದು ದಿನ ಅಕ್ಕೋರು ಅಧ್ಯಕ್ಷರನ್ನು ಕರೆತಂದು ಬಾಗಿಲು ತೆಗೆಸಿದರು. ಚೀಲಕ್ಕೆ ತುಂಬುವ ಮೊದಲು ಸಾಮಾನು ಎಣಿಸಬೇಕೆಂದು ಹೇಳಿದರು. ಅಕ್ಕೋರು ಗಣಿತದವರು, ಎಣಿಸುವುದನ್ನು ಎಷ್ಟು ಉದ್ದ ಬೇಕಾದರೂ ಎಳೆಯಬಲ್ಲರು. ಅಧ್ಯಕ್ಷರು ಹೊರಗೆ ಕಟ್ಟೆಯ ಮೇಲೆ ಕೂತು ಕಾದು, ಅಲ್ಲೇ ಒರಗಿ ಗೊರಕೆ ತೆಗೆದರು. ಒಳಗೆ ಮೊಮ್ಮಗಳು ತನ್ನ ಅರ್ಧ ಹಾಡನ್ನು ಕೊನೆಯ ಸಲ ನೋಡುತ್ತಿದ್ದಳಂತೆ. ಅದರಲ್ಲಿ ಗುಡಿಯ ಆರತಿಯ ಸದ್ದೂ ಇತ್ತು, ಹಳೆಯದು, ರಿಪೇರಿಗೆ ಮುಂಚೆ ತುಂಬಿಕೊಂಡದ್ದು.

ಸ್ವಲ್ಪ ಹೊತ್ತಿಗೆ ಮನೆಗೆ ಓಡಿ ಬಂದಳು. "ಆಯಿ, ಏಳ! ಚಪ್ಪಲಿ ಹಾಕ್ಕೊ. ನಿನ್ನ ಕಿವಿ ಬೇಕಾಗೇತಿ."

ಆ ಕೋಣೆಯೊಳಗೆ ನಾನು ಕಾಲಿಟ್ಟದ್ದು ಅದೇ ಮೊದಲು. ಕಂಪ್ಯೂಟರಿನ ಮುಖದ ಮೇಲೆ ಸಾಲಾಗಿ ಗುಡ್ಡಗಳು ಕಂಡವು.

"ಇವು ಸಪ್ಪಳದ ಚಿತ್ರ. ಒಂದು ಪೆಟ್ಟಿಗೆ ಒಂದು ಗುಡ್ಡ. ಇಲ್ಲೆ ನೋಡ, ಮೂರನೇ ಗುಡ್ಡ."

ಮೂರನೆಯ ಗುಡ್ಡ ಉಳಿದವುಗಳಿಗಿಂತ ಗಿಡ್ಡ. ಎರಡನೆಯದರಿಂದ ದೂರ ಸರಿದು, ನಾಲ್ಕನೆಯದಕ್ಕೆ ಅಂಟಿಕೊಂಡಿತ್ತು, ಜಗಳವಾಡಿದ ವಾರಗಿತ್ತಿಯ ಹಾಗೆ. ಸಾಲಿನುದ್ದಕ್ಕೂ ಹಾಗೇ.

"ಆಯಿ, ಗುಡಿ ಮಷಿನ್ ಮೊದಲಿಂದ ಕುಂಟತಿತ್ತು! ನೀವೆಲ್ಲಾರೂ ಅದರ ಕೂಡ ಕುಂಟತಿದ್ರಿ. ಈಗ ಅದು ನೆಟ್ಟಗ ನಡಿಯಾಕತ್ತೈತಿ, ನೀವು ಬೀಳಾಕತ್ತೀರಿ."

ನನಗೆ ನಗೆ ತಡೆಯಲಿಲ್ಲ. ಅಕ್ಕೋರು ಹೊರಗೆ ಕೈ ಮಾಡಿ, "ಸಾವಕಾಶ ನಗ್ರಿ, ಏಳ್ತಾರ," ಎಂದರು.

ಮೊಮ್ಮಗಳು ಒಂದು ಒಳ್ಳೆಯ ಪೆಟ್ಟನ್ನು ಕತ್ತರಿಸಿ ತೆಗೆದಳು. ಬಾರಿಸು, ತಡೆ, ಬಾರಿಸು, ಇನ್ನಷ್ಟು ತಡೆ ಎಂದು ಸಾಲು ಬರೆದಳು. ಅದರ ಅಕ್ಷರ ನನಗೆ ಬರುವುದಿಲ್ಲ, ಆದರೆ ಸಾಲುಗಳ ಉದ್ದ ಗಿಡ್ಡ ಕಂಡರೆ ಹಾಡಿನ ಹಾಗೇ ಇತ್ತು. ಬಾರಿಸಿ ತೋರಿಸಿದಳು. ತಡವೇನೋ ಸರಿಯಿತ್ತು, ಆದರೂ ನನ್ನ ಗಂಟಲು ಒಪ್ಪಲಿಲ್ಲ.

"ಮೂರನೇದು ಹೊಟ್ಟಿ ತುಂಬ ಉಂಡಂಗ ಐತಿ," ಎಂದೆ. "ಮೊದಲಿಂದು ಹಸದಿತ್ತು."

ಅವಳು ಅರೆಗಳಿಗೆ ನನ್ನ ಮುಖ ನೋಡಿದಳು. ಮೂರನೆಯ ಪೆಟ್ಟಿನ ಜೋರು ಇಳಿಸಿದಳು, ಚೂರು ಎಳೆದು ದಪ್ಪ ಮಾಡಿದಳು, ಕೊನೆಯ ಗುಂಯ್ ಅನ್ನುವುದನ್ನು ಕತ್ತರಿಸಿದಳು. ಧಪ್! ಬಂತು ನೋಡಿ. ನಾನು ಹಾಡು ಎತ್ತಿದೆ. ಅಕ್ಕೋರು ನನ್ನ ಬಾಯಿ ಮುಚ್ಚುವಷ್ಟರಲ್ಲಿ ಹೊರಗಿನ ಗೊರಕೆ ನಿಂತಿತ್ತು.

"ಎಣಿಸಿದ್ದು ಆತೇನ್ರಿ?" ಎಂದು ಅಧ್ಯಕ್ಷರ ದನಿ.

"ಇನ್ನೊಮ್ಮೆ ಎಣಸ್ತೀವ್ರಿ, ಒಂದು ಹೆಚ್ಚು ಬಂದೈತಿ," ಎಂದರು ಅಕ್ಕೋರು. ಹೆಚ್ಚು ಬಂದ ಒಂದು ನಾನೇ. ಮೂಲೆಗೆ ಸರಿದು ನಿಂತೆ.

ನಿನ್ನೆ ಎರಡನೆಯ ಸೋಮವಾರ. ಮೊಮ್ಮಗಳು ಹಗಲಿನಲ್ಲಿಯೇ ಹೋಗಿ ಅಯ್ಯನವರಿಗೆ ಎಲ್ಲ ಹೇಳಿ, ಮೊಬೈಲಿನಲ್ಲಿ ಕೇಳಿಸಿ ಬಂದಿದ್ದಳು. ಪಾಪ, ಒಂದು ವಾರದಿಂದ ಅವರಿಗೆ ಊಟ ಸೇರಿರಲಿಲ್ಲ. "ದೀಪ ಹಚ್ಚೂ ಹೊತ್ತಿಗೆ ದಿನಾ ಒಂದು ಗಳಿಗಿ ಕರೆಂಟ್ ಹೋಗೇ ಹೋಗ್ತೈತವಾ," ಎಂದರಂತೆ. "ಹೋತು ಅಂದ್ರ ನೀ ಹಚ್ಚಿಬಿಡು. ನನಗೂ ಜೀವಾ ಸಾಕಾಗೇತಿ." ಭಜನೆಗೆ ಇಟ್ಟಿದ್ದ ಬ್ಯಾಟರಿಯ ಸ್ಪೀಕರ್ ಡಬ್ಬಿಯನ್ನು ಕಂಬದ ಹಿಂದೆ ಅವರೇ ಇಟ್ಟುಕೊಟ್ಟರು.

ದಿನಾ ತಪ್ಪದೆ ಹೋಗುವ ಕರೆಂಟು ನಿನ್ನೆ ಮಾತ್ರ ಹೋಗಲಿಲ್ಲ! ನಮ್ಮ ಕಡೆಯ ಕರೆಂಟಿನ ಸ್ವಭಾವವೇ ಹಾಗೆ, ಬೇಕೆಂದರೆ ಇರುವುದಿಲ್ಲ, ಬೇಡವೆಂದರೆ ಹೋಗುವುದಿಲ್ಲ. ಮಷಿನ್ ಕವಾಯತು ಶುರು ಮಾಡಿತು. ನಾವು ತಡವರಿಸಿದೆವು. ಚಪ್ಪಾಳೆ ಚದುರಿತು. ಆರತಿಯ ದೀಪ ಬಾಗಿತು. ಕಂಬದ ಮರೆಯಲ್ಲಿ ಮೊಮ್ಮಗಳ ಮುಖ ಬಿಳಿಚಿಕೊಂಡಿದ್ದು ನನಗೆ ಕಾಣುತ್ತಿತ್ತು. ನಾಳೆ ಬೆಳಗಾದರೆ ಗೋಣಿಚೀಲ.

ಆಗ ಅಯ್ಯನವರು ಆರತಿ ಎತ್ತಿದ ಕೈ ಎತ್ತಿದ ಹಾಗೇ ಇಟ್ಟುಕೊಂಡು, ಎಡಗಾಲನ್ನು ಹಿಂದಕ್ಕೆ ಚಾಚಿ, ಮಷಿನಿನ ವೈರನ್ನು ಕಾಲ್ಬೆರಳಿನಲ್ಲಿ ಸಿಕ್ಕಿಸಿ ಜಗ್ಗಿದರು. ಮಷಿನ್ ನಿಂತಿತು.

"ಕರೆಂಟ್ ಹೋತು!" ಎಂದರು. ಅವರ ತಲೆಯ ಮೇಲೆ ದೊಡ್ಡ ಬಲ್ಬು ಝಗಝಗ ಉರಿಯುತ್ತಿತ್ತು. ಅಯ್ಯನವರೇ ಹೋಯಿತೆಂದ ಮೇಲೆ ಹೋಯಿತು.

ಕಂಬದ ಹಿಂದಿನಿಂದ ಬಂತು. ಧಮ್, ಧಮ್, ಧಪ್, ಧಮ್.

ಏನು ಹೇಳಲಿ! ಬಿಟ್ಟಿದ್ದ ಊರುಗೋಲು ಕೈಗೆ ಸಿಕ್ಕ ಹಾಗಾಯಿತು. ನನ್ನ ಉಸಿರು ತಾನೇ ತನ್ನ ಜಾಗಕ್ಕೆ ಹೋಗಿ ಕೂತಿತು. ಹೆಂಗಸರ ದನಿ ಒಂದಾಯಿತು. ಚಪ್ಪಾಳೆಗಳು ಗಾಳಿಯಲ್ಲಿ ಒಂದು ಗಳಿಗೆ ನಿಂತು ಒಟ್ಟಿಗೆ ಬಿದ್ದವು. ಅಯ್ಯನವರ ತಟ್ಟೆ ಕೆಳಗಿಂದ ಮೇಲಕ್ಕೆ ದುಂಡಗೆ ತಿರುಗಿತು, ಅವರ ಕಣ್ಣಲ್ಲಿ ನೀರು. ಎಲ್ಲರಿಗಿಂತ ಮುಂದೆ ನಿಂತು ಕಣ್ಣು ಮುಚ್ಚಿ ತೂಗುತ್ತಿದ್ದವರು ಯಾರೆಂದುಕೊಂಡಿರಿ? ಅಧ್ಯಕ್ಷರು!

ಮುಗಿದ ಮೇಲೆ ಅವರು ಕೈ ಮುಗಿದು ತಿರುಗಿದರು. "ನೋಡ್ರಿ, ಕಂಪ್ಯೂಟರ್ ತೆಗೀತೀನಿ ಅಂದಿದ್ದಕ್ಕ ದೇವ್ರು ಆಗಳೇ ಒಪ್ಪಿದ!" ಆಮೇಲೆ ಅವರ ಕಣ್ಣು ಮೇಲಿನ ಬಲ್ಬಿನ ಕಡೆ ಹೋಯಿತು, ಅಲ್ಲಿಂದ ನಿಂತ ಮಷಿನಿನ ಕಡೆ ಬಂತು. "ಅಲ್ರಿ, ಕರೆಂಟ್ ಹೋಗಿದ್ರ ಲೈಟ್ ಹೆಂಗ ಐತಿ? ಮಷಿನ್ ನಿಂತಿದ್ರ ಬಾರಿಸಿದ್ದು ಯಾರು?"

ಮೊಮ್ಮಗಳು ಕಂಬದ ಹಿಂದಿನಿಂದ ಬಂದಳು. "ನಾನ್ರಿ, ಕಾಕಾ. ಕಂಪ್ಯೂಟರಿನಾಗ ಮಾಡಿದ್ದು."

ಗುಡಿಯೆಲ್ಲ ತಿರುಗಿ ಅವಳನ್ನು ನೋಡಿತು. ಆಮೇಲೆ ಗದ್ದಲ. ಅಪಚಾರ ಎಂದರು ಅಧ್ಯಕ್ಷರು. ಕಂಪ್ಯೂಟರಿನ ಸದ್ದಿಗೆ ಆರತಿಯೇ?

"ಕರೆಂಟಿನ ಕೋಲೀಲೆ ಬಡದ್ರ ಆಚಾರ, ಕಂಪ್ಯೂಟರಿಲೆ ಬಡದ್ರ ಅಪಚಾರೇನ್ರಿ?" ಎಂದೆ. "ಎರಡೂ ಕಡೆ ನಿಮ್ಮ ಕೈ ಕಿಸೇದಾಗ ಇರ್ತೈತಿ."

ನಗೆ ಎದ್ದಿತು. ಭಜನೆಯ ಹಿರಿಯ, ನನ್ನ ಹಲ್ಲಿನ ಲೆಕ್ಕ ತೆಗೆದವನು, ಮುಂದೆ ಬಂದ. "ಏನರ ಅನ್ರಿ, ಇದ ಖರೇ ತಾಳ. ಇದು ನಮ್ಮ ಹಿರ್ಯಾರ ತಾಳ. ಬ್ಯಾರೆ ಊರಾಗ ಎಲ್ಲೂ ಇ‌ಲ್ಲ. ನಮ್ಮ ಮುತ್ಯಾ ಇದನ್ನ ಬಾರಸತಿದ್ದ," ಎಂದು ಎದೆ ತಟ್ಟಿಕೊಂಡ. ಸುತ್ತಲಿನವರೆಲ್ಲ ಹೌದೆಂದು ತಲೆ ಆಡಿಸಿದರು. ಸೈಕಲ್ ಟ್ಯೂಬ್ ಕಟ್ಟಿದ್ದ ಅಯ್ಯನವರು ಮೇಲೆ ತೊಲೆಗಳನ್ನು ನೋಡುತ್ತ ನಿಂತರು. ನಾನೂ ತೊಲೆ ನೋಡಿದೆ. ಒಂದು ಇಲಿ ಮಾಡಿದ ಪರಂಪರೆಯನ್ನು ನಾನೇಕೆ ಕೆಡಿಸಲಿ?

ಹಿರಿಯರ ತಾಳವೆಂದ ಮೇಲೆ ಅಧ್ಯಕ್ಷರು ಬದಲಾಗಲೇಬೇಕಾಯಿತು. "ಹಂಗಾರ ಅದನ್ನ ಆ ಡಬ್ಬ್ಯಾಗ ಹಾಕಿ ಕೊಟ್ಟಬಿಡವಾ. ದಿನಾ ಹಚ್ಚೂಣು. ಕೋಣಿ ಖಾಲಿ ಮಾಡೂದಂತೂ ಐತಿ."

"ಒಮ್ಮೆ ಮಾಡಿದ್ದು ಸಾಲಂಗಿಲ್ರಿ," ಎಂದಳು ಮೊಮ್ಮಗಳು. "ಅಮಾವಾಸಿ ಆರತಿ ಗಿಡ್ಡ, ಸೋಮವಾರದ್ದು ಉದ್ದ. ಉಪಾಸ ಇದ್ದಾಗ ಅಯ್ಯನವರ ಕೈ ಸಾವಕಾಶ ಆಕ್ಕತಿ. ಅದಕ ತಕ್ಕಂಗ ತಿರುಗಿ ಬರೀಬೇಕು. ಬರಿಯಾಕ ಕೋಣಿ ಬೇಕ್ರಿ."

"ಮತ್ತ ದಾಸೋಹದ ಪಾತ್ರಿ?"

"ನಿಮ್ಮ ಅಟ್ಟದ ಮ್ಯಾಲ ಇಡ್ರಿ," ಎಂದೆ. "ಹೆಂಗೂ ಜಾಗಾ ಮಾಡೀರಿ. ಅಲ್ಲೆ ಭದ್ರ ಇರ್ತಾವು."

"ಆತು, ಬೇಕಂದಾಗ ಹೇಳ್ರಿ, ನಾ ಬಂದು ತೆಗೀತೀನಿ," ಎಂದು ಅವರು ಸೊಂಟ ಮುಟ್ಟಿಕೊಂಡರು.

ಅಯ್ಯನವರು ತೊಲೆಯಿಂದ ಕಣ್ಣು ಇಳಿಸಿದರು. "ನೀವು ಹುಬ್ಬಳ್ಳಿಗೆ ಲಗ್ನಕ್ಕ ಹೋದ ದಿನ ದೇವ್ರಿಗೆ ಏನಂತ ಹೇಳೂಣ್ರಿ? ಅಧ್ಯಕ್ಷರು ಊಟಕ್ಕ ಹೋಗ್ಯಾರ, ಆರತಿ ನಾಳೆ ಅಂತ ಹೇಳೂಣು?"

ದೇವರ ಮಾತು ಬಂದ ಮೇಲೆ ಕೀಲಿಕೈ ಇಳಿಯಲೇಬೇಕಿತ್ತು. ಅಧ್ಯಕ್ಷರು ಕಂಬದ ಮರೆಗೆ ಹೋದರು. ಇಷ್ಟು ವರ್ಷದ ಬೆವರು ಕುಡಿದ ಗಂಟು ಬಿಚ್ಚಲಿಲ್ಲ. ಉಗುರಿನಿಂದ ಎಳೆದರು, ಉಬ್ಬಸಪಟ್ಟರು. ಕೊನೆಗೆ ಅಯ್ಯನವರು ಕಾಯಿ ಒಡೆಯುವ ಕುಡಗೋಲು ತಂದರು. ನಾವು ಹೆಂಗಸರೆಲ್ಲ ರೂಢಿಯಂತೆ ತಿರುಗಿ ನಿಂತೆವು. ಕಚಕ್ ಎಂದಿತು. ಉಡದಾರವಿಲ್ಲದೆ ಗಂಡಸು ಗುಡಿ ದಾಟಬಾರದೆಂದು ಅಯ್ಯನವರು ಅಲ್ಲೇ ಪೂಜೆಯ ಕೆಂಪು ದಾರ ಸುತ್ತಿ ಕಟ್ಟಿದರು. ಈಗ ಅಧ್ಯಕ್ಷರ ಸೊಂಟದಲ್ಲಿ ಏನೂ ತೂಗುವುದಿಲ್ಲ. ಇವತ್ತು ಬೆಳಿಗ್ಗೆ ನಡೆದು ಹೋಗುವಾಗ ಕಂಡೆ, ಮನುಷ್ಯ ಒಂದಿಷ್ಟು ಹಗುರಾದ ಹಾಗಿತ್ತು.

ಅವಳ ಅಂಗೈಗೆ ಇಡುವಾಗ ಹೇಳಿದರು: "ಕಳೀಬ್ಯಾಡ."

"ಇಲ್ರಿ ಕಾಕಾ."

"ಮುಟ್ಟಿ ಕೆಡಸಬ್ಯಾಡ."

"ಮುಟ್ತೀನ್ರಿ," ಎಂದಳು.

ಮನೆಗೆ ಬರುವ ದಾರಿಯಲ್ಲಿ ನಾನು ಮುಂದೆ, ಅವಳು ಹಿಂದೆ. ಎರಡು ಸಲ ತಿರುಗಿ ನೋಡಿದೆ, ಎರಡು ಸಲವೂ ಮುಷ್ಟಿ ಬಿಚ್ಚಿ ನೋಡಿಕೊಳ್ಳುತ್ತಿದ್ದಳು.

ಸೊಸೆಗೆ ಸುದ್ದಿ ನಮಗಿಂತ ಮುಂಚೆ ತಲುಪಿ, ಒಲೆಯ ಮೇಲೆ ಶಿರಾ ಘಮಘಮ ಅನ್ನುತ್ತಿತ್ತು. ಎಣ್ಣೆಗಾಯಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು. ನಡುಮನೆಯಲ್ಲಿ ಎಲ್ಲರೂ ಒಟ್ಟಿಗೆ ಕೂತೆವು. ಸೊಸೆಯನ್ನೂ ಕೂತುಕೊ ಎಂದರೆ, ಬಿಸಿ ರೊಟ್ಟಿ ಬಡಿದು ಹಾಕಿಯೇ ಕೂಡುತ್ತೇನೆ ಎಂದಳು. ಕೊನೆಗೆ ಒಲೆಯನ್ನು ನಮ್ಮ ಕಡೆಗೇ ತಿರುಗಿಸಲಾರದೆ ನಾವೇ ತಟ್ಟೆ ಹಿಡಿದು ಒಲೆಯ ಮುಂದೆ ಹೋಗಿ ಕೂತೆವು. ಅವಳು ಒಂದು ಬಡಿಯುವಳು, ಒಂದು ತುತ್ತು ತಿನ್ನುವಳು. ಕೀಲಿಕೈ ಕೈಯಿಂದ ಕೈಗೆ ಹೋಯಿತು. ನಮ್ಮ ಮನೆಯವರು ಅದನ್ನು ಬೆಳಕಿಗೆ ಹಿಡಿದು ನೋಡಿ, "ಇಷ್ಟ ಸಣ್ಣದಕ್ಕ ಇಷ್ಟ ದೊಡ್ಡ ಸೊಂಟಾ ಬೇಕಿತ್ತೇನು?" ಎಂದರು. ಅದಕ್ಕೆ ಬೆಣ್ಣೆ ಹತ್ತಿತು. ಮಗ ತನ್ನ ಅಂಗಿಯ ಚುಂಗಿನಿಂದ ಒರೆಸಿದ. ಒರೆಸಿದವನು ಬೇಗ ಕೊಡಲಿಲ್ಲ, ಹೋಗಲಿ ಬಿಡು ಎಂದೂ ಅನ್ನಲಿಲ್ಲ. "ನಾಳೆ ಸಾಲಿಗೆ ನಾನ ಬಿಟ್ಟ ಬರ್ತೀನಿ, ಲಗೂನ ಹೋಗೂಣು," ಎಂದ.

ಮೊಮ್ಮಗಳು ಎರಡು ರೊಟ್ಟಿ ಮುಗಿಸಿ ಮೂರನೆಯದಕ್ಕೆ ಕೈ ಒಡ್ಡಿದಳು. ಒಂದು ವಾರದಿಂದ ಒಂದು ರೊಟ್ಟಿಯನ್ನೂ ಸರಿಯಾಗಿ ಮುಗಿಸದವಳು! ಕೊಟ್ಟಿಗೆಯಲ್ಲಿ ಎಮ್ಮೆ ಒಮ್ಮೆ ಕೂಗಿತು. "ಯಾವ ಸ್ವರ ಅದು?" ಎಂದು ಅವಳಜ್ಜ ಕೇಳಿದರು. ಬಾಯಿ ತುಂಬ ಶಿರಾ ಇದ್ದದ್ದರಿಂದ ಅವಳು ಬೆರಳು ಮೇಲೆತ್ತಿ ತೋರಿಸಿದಳು, ಮೇಲಿನದು ಎಂದು. ಸೊಸೆ ನಗುತ್ತ ಇನ್ನೊಂದು ರೊಟ್ಟಿಯನ್ನು ನನ್ನ ತಟ್ಟೆಗೆ ಹಾಕಿದಳು. ಬೇಡವೆನ್ನಲಿಲ್ಲ, ಮೊಸರು ಹಾಕಿಸಿಕೊಂಡು ಅದನ್ನೂ ತಿಂದೆ.